ಮನೆಯ ಗೋಡೆಯಲ್ಲಿದ್ದ ಇತಿಹಾಸ: ಜೇಕಬ್ ಲಾರೆನ್ಸ್ ಅವರ ಕಳೆದುಹೋದ ಎರಡು ಚಿತ್ರಗಳು ಮತ್ತು ಅವನ್ನು ಗುರುತಿಸಿದ ಓದುಗರು

ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿಗೆ ಪಶ್ಚಿಮದಲ್ಲಿರುವ ಅಪ್ಪರ್ ವೆಸ್ಟ್ ಸೈಡ್ ಬಡಾವಣೆಯ ಎರಡು ಮನೆಗಳಲ್ಲಿ, ಆಫ್ರಿಕನ್ ಅಮೆರಿಕನ್ ಚಿತ್ರಕಾರ ಜೇಕಬ್ ಲಾರೆನ್ಸ್ ಅವರ ಎರಡು ಚಿತ್ರಗಳು ವರ್ಷಾನುಗಟ್ಟಲೆ ಗೋಡೆಯ ಮೇಲೆ ತೂಗುತ್ತಿದ್ದವು. ಕಲಾ ಇತಿಹಾಸಕಾರರ ಲೆಕ್ಕದಲ್ಲಿ ಮಾತ್ರ ಅವು ಎಲ್ಲಿವೆಯೆಂಬುದೇ ತಿಳಿಯದ ಚಿತ್ರಗಳಾಗಿದ್ದವು. ಅವುಗಳಲ್ಲಿ ಒಂದು 2020ರ ಅಕ್ಟೋಬರ್‌ನಲ್ಲಿ ಬೆಳಕಿಗೆ ಬಂದಿತು; ಇನ್ನೊಂದು ಅದಾದ ಕೆಲವೇ ವಾರಗಳಲ್ಲಿ ಪತ್ತೆಯಾಗಿ, 2021ರ ಮಾರ್ಚ್‌ನಲ್ಲಿ ಸಾರ್ವಜನಿಕರಿಗೆ ತಿಳಿಯಿತು. ಎರಡನ್ನೂ ಹುಡುಕಿಕೊಟ್ಟವರು ವಿದ್ವಾಂಸರೂ ಅಲ್ಲ, ಚಿತ್ರ ವ್ಯಾಪಾರಿಗಳೂ ಅಲ್ಲ. ಮೊದಲನೆಯದನ್ನು ಗುರುತಿಸಿದ್ದು ಪ್ರದರ್ಶನ ನೋಡಲು ಬಂದಿದ್ದ ಒಬ್ಬ ವೀಕ್ಷಕರು. ಎರಡನೆಯದನ್ನು ಗುರುತಿಸಿದ್ದು, ಮೊದಲ ಪತ್ತೆಯ ಸುದ್ದಿಯನ್ನು ಆನ್‌ಲೈನ್‌ನಲ್ಲಿ ಓದಿದ ಒಬ್ಬ ನರ್ಸ್.

ಕಪ್ಪು ಕಲಾವಿದರ ಬಗ್ಗೆ ಆನ್‌ಲೈನ್‌ನಲ್ಲಿ ಬರುವ ಬರಹಗಳನ್ನು ಓದುಗರು ಹೇಗೆ ಸ್ವೀಕರಿಸುತ್ತಾರೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಮೆಚ್ಚುಗೆಯ ಮಾತುಗಳನ್ನೇ ಉತ್ತರವಾಗಿ ತೋರಿಸಲಾಗುತ್ತದೆ. ಈ ಪ್ರಕರಣದಲ್ಲಿ ಓದುಗರ ಆದರ ಮಾತಿನಲ್ಲಿ ನಿಲ್ಲದೆ ಕೆಲಸವಾಗಿ ಪರಿಣಮಿಸಿತು. ಒಂದು ಬರಹವನ್ನು ಓದಿ, ಎದ್ದು ಹೋಗಿ, ತಮ್ಮ ಮನೆಯ ಗೋಡೆಯನ್ನೇ ಹೊಸದಾಗಿ ನೋಡಿದವರ ಕಥೆ ಇದು. ಅದು ಹೇಗೆ ಸಾಧ್ಯವಾಯಿತು, ಅದಕ್ಕೂ ಮೊದಲು ಅರವತ್ತು ವರ್ಷ ಏಕೆ ಸಾಧ್ಯವಾಗಿರಲಿಲ್ಲ ಎಂಬುದನ್ನು ವಿವರವಾಗಿ ನೋಡುವುದು ಈ ಅಧ್ಯಯನದ ಉದ್ದೇಶ.

ಚಿತ್ರಕಾರ ಮತ್ತು ಸರಣಿ

ಜೇಕಬ್ ಲಾರೆನ್ಸ್ ಅವರು 1917ರಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ಹುಟ್ಟಿದರು. ಅವರ ತಂದೆತಾಯಿಗಳು ದಕ್ಷಿಣದ ರಾಜ್ಯಗಳಿಂದ ಉತ್ತರಕ್ಕೆ ವಲಸೆ ಬಂದಿದ್ದ ಲಕ್ಷಾಂತರ ಕಪ್ಪು ಜನರಲ್ಲಿ ಸೇರಿದವರು. ಹದಿಮೂರನೆಯ ವಯಸ್ಸಿಗೆ ಲಾರೆನ್ಸ್ ನ್ಯೂಯಾರ್ಕ್‌ನಲ್ಲಿ ಕಪ್ಪು ಜನರ ಬಡಾವಣೆಯಾಗಿದ್ದ ಹಾರ್ಲೆಮ್‌ಗೆ ಬಂದು ಸೇರಿದರು. ಅಲ್ಲಿ ಚಾರ್ಲ್ಸ್ ಆಲ್‌ಸ್ಟನ್ ಅವರ ಬಳಿ ಚಿತ್ರಕಲೆ ಕಲಿತರು, ಶಿಲ್ಪಿ ಆಗಸ್ಟಾ ಸ್ಯಾವೇಜ್ ಅವರ ಒತ್ತಾಸೆಯಿಂದ ಸರ್ಕಾರದ ಫೆಡರಲ್ ಆರ್ಟ್ ಪ್ರಾಜೆಕ್ಟ್‌ನಲ್ಲಿ ಕೆಲಸ ಪಡೆದರು. ಹಾರ್ಲೆಮ್‌ನ 135ನೇ ಬೀದಿಯ ಸಾರ್ವಜನಿಕ ಗ್ರಂಥಾಲಯವೇ ಅವರ ಪಾಲಿನ ವಿಶ್ವವಿದ್ಯಾಲಯವಾಯಿತು. ಶಾಲೆಯ ಪಠ್ಯಗಳಲ್ಲಿ ಇಲ್ಲದಿದ್ದ ಕಪ್ಪು ಜನರ ಇತಿಹಾಸವನ್ನು ಅವರು ಅಲ್ಲಿ ಓದಿದರು.

ಒಂದು ಬದುಕನ್ನಾಗಲಿ ಒಂದು ಹೋರಾಟವನ್ನಾಗಲಿ ಒಂದೇ ಚಿತ್ರದಲ್ಲಿ ಹೇಳಲಾಗದೆಂಬ ಕಾರಣಕ್ಕೆ ಅವರು ಸರಣಿಯ ಕ್ರಮವನ್ನು ಆರಿಸಿಕೊಂಡರು. ಹೈಟಿ ಕ್ರಾಂತಿಯ ನಾಯಕ ತೂಸಾಂ ಲೂವೆರ್ಚ್ಯೂರ್ ಕುರಿತು 41 ಫಲಕಗಳು, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡ್ರಿಕ್ ಡಗ್ಲಸ್ ಕುರಿತು 32, ಹ್ಯಾರಿಯೆಟ್ ಟಬ್‌ಮನ್ ಕುರಿತು 31 ಫಲಕಗಳು ಅವರ ಇಪ್ಪತ್ತಮೂರನೆಯ ವಯಸ್ಸಿನೊಳಗೆ ಮುಗಿದಿದ್ದವು. 1940–41ರಲ್ಲಿ ರಚಿಸಿದ 60 ಫಲಕಗಳ ‘ವಲಸೆ ಸರಣಿ’ ಅವರಿಗೆ ದೊಡ್ಡ ಹೆಸರು ತಂದಿತು.

ನಮ್ಮ ಪ್ರಕರಣಕ್ಕೆ ಸಂಬಂಧಿಸಿದ್ದು ಅದಾದ ಹಲವು ವರ್ಷಗಳ ನಂತರದ ಸರಣಿ. ‘ಸ್ಟ್ರಗಲ್: ಅಮೆರಿಕನ್ ಜನತೆಯ ಇತಿಹಾಸದಿಂದ’ ಎಂಬ ಹೆಸರಿನ ಈ ಸರಣಿಯನ್ನು ಲಾರೆನ್ಸ್ ಅವರು 1954ರಿಂದ 1956ರವರೆಗೆ ಬರೆದರು. ಯೋಜನೆ 60 ಫಲಕಗಳಿಗಿದ್ದರೂ ಪೂರ್ಣಗೊಂಡದ್ದು 30. ಪ್ರತಿಯೊಂದೂ ಹನ್ನೆರಡು ಇಂಚಿಗೆ ಹದಿನಾರು ಇಂಚಿನ ಹಾರ್ಡ್‌ಬೋರ್ಡ್ ಹಲಗೆ; ಅದರ ಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ, ಅಂದರೆ ಎಗ್ ಟೆಂಪೆರಾ. ಸರಣಿ ಹೇಳುವ ಇತಿಹಾಸದ ಕಾಲ ಸ್ಥೂಲವಾಗಿ 1775ರಿಂದ 1817ರವರೆಗೆ; ಕೆಲವು ಶೀರ್ಷಿಕೆಗಳು ಅದರ ಆಚೀಚೆಗೂ ಹೋಗುತ್ತವೆ. ಶಾಲೆಗಳಲ್ಲಿನ ವರ್ಣಭೇದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1954ರ ಮೇ ತಿಂಗಳಲ್ಲಿ ಅಸಂವಿಧಾನಿಕವೆಂದು ಘೋಷಿಸಿತು. ಅದೇ ವರ್ಷ, ಕಮ್ಯುನಿಸ್ಟರ ಬೇಟೆಗೆ ಹೆಸರಾಗಿದ್ದ ಸೆನೆಟರ್ ಮೆಕಾರ್ಥಿಯ ವಿಚಾರಣೆಗಳು ಟೆಲಿವಿಷನ್‌ನಲ್ಲಿ ಬರುತ್ತಿದ್ದವು. ಯಾರು ನಿಜವಾದ ಅಮೆರಿಕನ್ ಎಂದು ದೇಶವೇ ಜಗಳವಾಡುತ್ತಿದ್ದಾಗ, ಒಬ್ಬ ಕಪ್ಪು ಚಿತ್ರಕಾರರು ದೇಶದ ಹುಟ್ಟಿನ ಕಥೆಯನ್ನೇ ಕೈಗೆತ್ತಿಕೊಂಡು, ಅದರಲ್ಲಿ ಗುಲಾಮರು, ಮೂಲನಿವಾಸಿಗಳು, ಹೆಂಗಸರು, ಸಾಲದಲ್ಲಿ ಮುಳುಗಿದ ರೈತರು ಎಲ್ಲಿದ್ದರೆಂದು ತೋರಿಸಲು ಹೊರಟಿದ್ದರು.

ಒಂದು ಫಲಕವನ್ನು ಹತ್ತಿರದಿಂದ ನೋಡಿದರೆ ಅವರ ರೀತಿ ತಿಳಿಯುತ್ತದೆ. ಜಾರ್ಜ್ ವಾಷಿಂಗ್ಟನ್ ಡೆಲವೇರ್ ನದಿಯನ್ನು ದಾಟಿದ ಘಟನೆಯನ್ನು ಎಮ್ಯಾನ್ಯುಯೆಲ್ ಲಾಯ್ಟ್ಸ 1851ರಲ್ಲಿ ಬರೆದ ಬೃಹತ್ ಚಿತ್ರ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಆರು ಮೀಟರಿಗೂ ಹೆಚ್ಚು ಅಗಲದ ಆ ಕ್ಯಾನ್ವಾಸಿನಲ್ಲಿ ವಾಷಿಂಗ್ಟನ್ ದೋಣಿಯ ಮೇಲೆ ನೆಟ್ಟಗೆ ನಿಂತು ದೂರಕ್ಕೆ ನೋಡುತ್ತಾರೆ. ಅದೇ ಮ್ಯೂಸಿಯಂನಲ್ಲಿರುವ ಲಾರೆನ್ಸ್ ಅವರ ಹತ್ತನೆಯ ಫಲಕದಲ್ಲಿ ನಿಂತ ನಾಯಕನೇ ಇಲ್ಲ. ಮೂರು ದೋಣಿಗಳು, ಚೂಪಾದ ಅಲೆಗಳು, ಹೊದಿಕೆಯೊಳಗೆ ಮುದುಡಿ ಕುಳಿತ ಸೈನಿಕರು, ಆಕಾಶದತ್ತ ಚಾಚಿದ ಬಯೋನೆಟ್ಟುಗಳು. ರಾತ್ರಿಯ ಚಳಿ ಅತಿಯಾಗಿತ್ತು, ಆದರೂ ಜನ ಗೊಣಗದೆ ಸಹಿಸಿದರು ಎಂಬ ಅರ್ಥದ ಸಾಲನ್ನು, ವಾಷಿಂಗ್ಟನ್‌ರ ಸಹಾಯಕ ಅಧಿಕಾರಿಯೊಬ್ಬರು 1776ರ ಡಿಸೆಂಬರ್‌ನಲ್ಲಿ ಬರೆದ ಪತ್ರದಿಂದ ಲಾರೆನ್ಸ್ ಶೀರ್ಷಿಕೆಯಾಗಿ ಎತ್ತಿಕೊಂಡರು. ಇತಿಹಾಸವನ್ನು ದಾಟಿಸಿದವರು ದೋಣಿಗೆ ಹುಟ್ಟು ಹಾಕಿದವರೇ ಎಂಬ ಮಾತನ್ನು ಆ ಪುಟ್ಟ ಹಲಗೆ ಯಾವ ಘೋಷಣೆಯೂ ಇಲ್ಲದೆ ಹೇಳುತ್ತದೆ.

ಶೀರ್ಷಿಕೆಗಳ ವಿಷಯ ಇಲ್ಲಿ ಮುಖ್ಯ. ಅವು ಚಿತ್ರಕ್ಕೆ ಅಂಟಿಸಿದ ಹೆಸರುಗಳಲ್ಲ. ಭಾಷಣ, ಕಾಗದ, ಸೈನಿಕ ವರದಿ ಮತ್ತು ಅರ್ಜಿಗಳಿಂದ ಆರಿಸಿದ ಸಾಲುಗಳು. ಐದನೆಯ ಫಲಕದ ಶೀರ್ಷಿಕೆ 1773ರಲ್ಲಿ ಗುಲಾಮರು ಸಲ್ಲಿಸಿದ ಅರ್ಜಿಯದು: ನಮಗೆ ಆಸ್ತಿಯಿಲ್ಲ, ಹೆಂಡತಿಯಿಲ್ಲ, ಮಕ್ಕಳಿಲ್ಲ, ಊರಿಲ್ಲ, ದೇಶವಿಲ್ಲ. ಮೊದಲ ಫಲಕದಲ್ಲಿ ಸಂಕೋಲೆ ಮತ್ತು ದಾಸ್ಯದ ಬೆಲೆ ತೆತ್ತು ಕೊಳ್ಳುವಷ್ಟು ಜೀವ ಪ್ರಿಯವೇ ಎಂದು ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಪ್ಯಾಟ್ರಿಕ್ ಹೆನ್ರಿ ಕೇಳುತ್ತಾರೆ. ಐದನೆಯದರಲ್ಲಿ ನಿಜವಾಗಿಯೂ ಸಂಕೋಲೆಯಲ್ಲಿದ್ದವರು ಮಾತನಾಡುತ್ತಾರೆ. ಎರಡನ್ನೂ ಅನುಕ್ರಮವಾಗಿ ನೋಡಿದವರಿಗೆ ಮಾತ್ರ ಆ ಪ್ರಶ್ನೋತ್ತರ ಕೇಳಿಸುತ್ತದೆ. ಆದ್ದರಿಂದ ಈ ಸರಣಿಯಿಂದ ಒಂದು ಫಲಕ ಕಳೆದುಹೋದರೆ ಒಂದು ಚಿತ್ರವಷ್ಟೇ ಹೋಗುವುದಿಲ್ಲ, ನಡುವಿನ ಮಾತೇ ತುಂಡಾಗುತ್ತದೆ.

ಸರಣಿ ಚದುರಿದ ಬಗೆ

‘ವಲಸೆ ಸರಣಿ’ ಮತ್ತು ‘ಸ್ಟ್ರಗಲ್’ ಸರಣಿಗಳಿಗೆ ಆದ ಗತಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1941ರ ನವೆಂಬರ್‌ನಲ್ಲಿ ‘ಫಾರ್ಚ್ಯೂನ್’ ಪತ್ರಿಕೆ ವಲಸೆ ಸರಣಿಯ 26 ಫಲಕಗಳನ್ನು ಬಣ್ಣದಲ್ಲಿ ಮುದ್ರಿಸಿತು. ಆಗ ಲಾರೆನ್ಸ್ ಅವರಿಗೆ ಇಪ್ಪತ್ತನಾಲ್ಕು ವರ್ಷ. ಹಾರ್ಲೆಮ್‌ನ ಚಿತ್ರಕಾರರೊಬ್ಬರ ಕೆಲಸ ದೇಶದ ಉದ್ದಗಲಕ್ಕೂ ಓದುಗರ ಕೈಗೆ ಹೋಯಿತು. ಅದೇ ಸುಮಾರಿಗೆ ಈಡಿತ್ ಹಾಲ್ಪರ್ಟ್ ಅವರ ಡೌನ್‌ಟೌನ್ ಗ್ಯಾಲರಿಯಲ್ಲಿ ಪ್ರದರ್ಶನವೂ ನಡೆಯಿತು. ಕೊನೆಗೆ ಎರಡು ಸಂಸ್ಥೆಗಳು ಸರಣಿಯನ್ನು ಹಂಚಿಕೊಂಡವು: ಸಮಸಂಖ್ಯೆಯ ಫಲಕಗಳು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ, ಬೆಸಸಂಖ್ಯೆಯವು ವಾಷಿಂಗ್ಟನ್‌ನ ಫಿಲಿಪ್ಸ್ ಕಲೆಕ್ಷನ್‌ಗೆ. ಎರಡು ಊರುಗಳಲ್ಲಿ ಇದ್ದರೂ ಅರವತ್ತರಲ್ಲಿ ಒಂದೂ ಕಳೆದುಹೋಗಿಲ್ಲ; ಇಂದು ಅಷ್ಟನ್ನೂ ಕ್ರಮವಾಗಿ ಆನ್‌ಲೈನ್‌ನಲ್ಲಿ ನೋಡಬಹುದು.

‘ಸ್ಟ್ರಗಲ್’ ಸರಣಿಗೆ ಈ ಭಾಗ್ಯ ಸಿಗಲಿಲ್ಲ. 1956ರ ಕೊನೆಯಲ್ಲಿ ಅದು ನ್ಯೂಯಾರ್ಕ್‌ನ ಅಲನ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡಿತು. ಅದನ್ನು ಇಡಿಯಾಗಿ ಕೊಂಡು ಕಾಪಾಡಲು ಯಾವ ಸಾರ್ವಜನಿಕ ಸಂಸ್ಥೆಯೂ ಮುಂದೆ ಬರಲಿಲ್ಲ. 1959ರಲ್ಲಿ ಅದು ಖಾಸಗಿ ಸಂಗ್ರಾಹಕರೊಬ್ಬರ ಪಾಲಾಯಿತು. ಅವರು ಫಲಕಗಳನ್ನು ಬಿಡಿಬಿಡಿಯಾಗಿ ಮಾರಿದರು. ಹೀಗೆ ಒಂದು ಫಲಕ ಒಂದು ಮನೆಗೆ, ಇನ್ನೊಂದು ಇನ್ನೊಂದು ಮನೆಗೆ ಹೋಯಿತು. ಕೊಂಡವರಿಗೆ ತಮ್ಮ ಬಳಿ ಇರುವುದು ಮೂವತ್ತರಲ್ಲಿ ಒಂದು ಎಂಬ ಅರಿವು ಇದ್ದಿರಬೇಕೆಂದೇನಿಲ್ಲ. ಮಾಲೀಕರು ಬದಲಾದರು, ಮನೆ ಬದಲಾದವು, ಮುಂದಿನ ಪೀಳಿಗೆಗೆ ಚಿತ್ರ ಉಳಿದು ಮಾಹಿತಿ ಮರೆಯಾಯಿತು.

ಚಿತ್ರ ಅಚ್ಚಾದರೆ ಕಳೆದುಹೋಗುವುದಿಲ್ಲ, ಅಚ್ಚಾಗದಿದ್ದರೆ ಕಳೆದೇಹೋಗುತ್ತದೆ ಎಂದು ನಾನು ಇಲ್ಲಿ ಸರಳವಾದ ಸೂತ್ರ ಕಟ್ಟುತ್ತಿಲ್ಲ. ಮಾರುಕಟ್ಟೆ, ಕಾಲದ ಅಭಿರುಚಿ, ಕಪ್ಪು ಕಲಾವಿದರ ಬಗ್ಗೆ ದೊಡ್ಡ ಸಂಸ್ಥೆಗಳಿಗಿದ್ದ ಉದಾಸೀನ, ಇವೆಲ್ಲವೂ ಸೇರಿವೆ. 1950ರ ದಶಕದ ನ್ಯೂಯಾರ್ಕ್ ಅಮೂರ್ತ ಚಿತ್ರಕಲೆಯ ಗುಂಗಿನಲ್ಲಿದ್ದಾಗ ಇತಿಹಾಸ ಹೇಳುವ ಚಿತ್ರಗಳಿಗೆ ಬೇಡಿಕೆ ಕಡಿಮೆಯಿತ್ತು ಎಂಬುದೂ ನಿಜ. ಆದರೆ ಸಾವಿರಾರು ಓದುಗರು ಒಂದು ಸರಣಿಯನ್ನು ಸರಣಿಯಾಗಿಯೇ ಕಂಡಿದ್ದರೆ, ಅದನ್ನು ಬಿಡಿಸಿ ಮಾರುವುದು ಅಷ್ಟು ಸದ್ದಿಲ್ಲದೆ ನಡೆಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಮುಂದೆ ನಡೆದದ್ದು ಈ ನಂಬಿಕೆಗೆ ಪುಷ್ಟಿ ಕೊಡುತ್ತದೆ.

ಅರವತ್ತು ವರ್ಷಗಳ ನಂತರ ಒಟ್ಟುಗೂಡಿಸುವಿಕೆ

ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಊರಿನ ಪೀಬಡಿ ಎಸೆಕ್ಸ್ ಮ್ಯೂಸಿಯಂ ಈ ಸರಣಿಯನ್ನು ಮತ್ತೆ ಕೂಡಿಸುವ ಕೆಲಸಕ್ಕೆ ಕೈಹಾಕಿತು. ಎಲಿಜಬೆತ್ ಹಟನ್ ಟರ್ನರ್ ಮತ್ತು ಆಸ್ಟನ್ ಬ್ಯಾರನ್ ಬೇಲಿ ಎಂಬ ಇಬ್ಬರು ಕ್ಯುರೇಟರ್‌ಗಳು ಅದರ ಹೊಣೆ ಹೊತ್ತರು. ‘ಜೇಕಬ್ ಲಾರೆನ್ಸ್: ದಿ ಅಮೆರಿಕನ್ ಸ್ಟ್ರಗಲ್’ ಎಂಬ ಪ್ರದರ್ಶನ 2020ರ ಜನವರಿಯಲ್ಲಿ ಸೇಲಂನಲ್ಲಿ ತೆರೆಯಿತು. ನ್ಯೂಯಾರ್ಕ್, ಬರ್ಮಿಂಗ್‌ಹ್ಯಾಮ್, ಸಿಯಾಟಲ್, ವಾಷಿಂಗ್ಟನ್ ನಗರಗಳಿಗೆ ಅದು ಮುಂದೆ ಹೋಗಬೇಕಿತ್ತು. ಐದು ಫಲಕಗಳು ಮಾತ್ರ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ: 14, 16, 20, 28 ಮತ್ತು 29ನೆಯವು.

ಸಂಘಟಕರು ಆಗ ತೆಗೆದುಕೊಂಡ ಒಂದು ತೀರ್ಮಾನವೇ ಈ ಪ್ರಕರಣದ ಕೀಲಿ. ಸಿಗದ ಫಲಕಗಳನ್ನು ಅವರು ಲೆಕ್ಕದಿಂದ ಬಿಟ್ಟು ಉಳಿದವನ್ನು ಒತ್ತಾಗಿ ಜೋಡಿಸಲಿಲ್ಲ. ಐದು ಇಲ್ಲ, ಇಂಥಿಂಥ ಸಂಖ್ಯೆಯವು ಇಲ್ಲ, ಯಾರಿಗಾದರೂ ಗೊತ್ತಿದ್ದರೆ ತಿಳಿಸಿ ಎಂದು ಪ್ರದರ್ಶನದಲ್ಲಿಯೂ ಆನ್‌ಲೈನ್‌ನಲ್ಲಿಯೂ ಹೇಳಿದರು. ಮಾಹಿತಿ ಕಳಿಸಲು ಪ್ರತ್ಯೇಕ ಇಮೇಲ್ ವಿಳಾಸವನ್ನೂ ಕೊಟ್ಟರು. ಪರಿಪೂರ್ಣವಾಗಿ ಕಾಣಬೇಕೆಂಬ ಆಸೆ ಮ್ಯೂಸಿಯಂಗಳಿಗೆ ಸಹಜ. ಕೊರತೆಯನ್ನು ಹೀಗೆ ಎತ್ತಿ ತೋರಿಸುವುದಕ್ಕೆ ಧೈರ್ಯ ಬೇಕು.

ಮಾರ್ಚ್‌ನಲ್ಲಿ ಕೊರೊನಾ ಬಂದು ಮ್ಯೂಸಿಯಂಗಳ ಬಾಗಿಲು ಮುಚ್ಚಿದವು. ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಅವರ ಹತ್ಯೆಯಾಯಿತು. ದೇಶದಾದ್ಯಂತ ಜನ ಬೀದಿಗಿಳಿದರು. ಮನೆಯಲ್ಲಿ ಕುಳಿತವರು ಕಪ್ಪು ಲೇಖಕರನ್ನು ಓದತೊಡಗಿದರು, ಕಪ್ಪು ಕಲಾವಿದರ ಚಿತ್ರಗಳನ್ನು ಪರದೆಯ ಮೇಲೆ ಹುಡುಕತೊಡಗಿದರು. ಐದು ತಿಂಗಳು ಮುಚ್ಚಿದ್ದ ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ ಆಗಸ್ಟ್ 29ರಂದು ಮತ್ತೆ ತೆರೆದಾಗ ಒಳಗೆ ಲಾರೆನ್ಸ್ ಅವರ ಪ್ರದರ್ಶನ ಕಾದಿತ್ತು. ನವೆಂಬರ್ 1ರವರೆಗೆ ಅದು ಅಲ್ಲಿತ್ತು.

ಹದಿನಾರನೆಯ ಫಲಕ

ಪ್ರದರ್ಶನ ನೋಡಲು ಬಂದ ಒಬ್ಬರಿಗೆ, ತಮ್ಮ ನೆರೆಮನೆಯವರ ಬಳಿ ಲಾರೆನ್ಸ್ ಅವರದೇ ಒಂದು ಚಿತ್ರವಿರುವುದು ನೆನಪಾಯಿತು. ಗೋಡೆಯ ಮೇಲಿನ ಫಲಕಗಳನ್ನು ನೋಡುತ್ತ ಹೋದಂತೆ ಅದು ಇದೇ ಸರಣಿಯದಿರಬಹುದೆಂಬ ಅನುಮಾನ ಹುಟ್ಟಿತು. ಮನೆಗೆ ಹೋಗಿ ಅವರು ನೆರೆಯವರಿಗೆ ಹೇಳಿದರು, ಮ್ಯೂಸಿಯಂ ಅನ್ನು ಸಂಪರ್ಕಿಸುವಂತೆ ಒತ್ತಾಯಿಸಿದರು. ಆ ಮನೆಯ ಹಿರಿಯ ದಂಪತಿ ಆ ಚಿತ್ರವನ್ನು 1960ರಲ್ಲಿ, ಒಂದು ಸಂಗೀತ ಶಾಲೆಯ ಸಹಾಯಾರ್ಥ ಕ್ರಿಸ್‌ಮಸ್ ಸಮಯದಲ್ಲಿ ನಡೆದ ಹರಾಜಿನಲ್ಲಿ ಸಣ್ಣ ಮೊತ್ತಕ್ಕೆ ಕೊಂಡಿದ್ದರು.

ತಜ್ಞರು ಪರಿಶೀಲಿಸಿದಾಗ ಅದು ಹದಿನಾರನೆಯ ಫಲಕವೆಂದು ಖಚಿತವಾಯಿತು. ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ತೆರಿಗೆ ಮತ್ತು ಸಾಲದ ಹೊರೆ ತಾಳಲಾರದೆ ಪಶ್ಚಿಮ ಮ್ಯಾಸಚೂಸೆಟ್ಸ್‌ನ ರೈತರು 1786–87ರಲ್ಲಿ ಡೇನಿಯಲ್ ಶೇಸ್ ಅವರ ನಾಯಕತ್ವದಲ್ಲಿ ಬಂಡೆದ್ದರು. ಚಿತ್ರದ ವಸ್ತು ಅದು. ನೀಲಿ ಅಂಗಿಯ ಸೈನಿಕರು ಬಯೋನೆಟ್ ಹಿಡಿದು ರೈತರಿಗೆ ಎದುರಾಗಿದ್ದಾರೆ. ಎಲ್ಲ ರಾಜ್ಯಗಳಲ್ಲೂ ಹೊತ್ತಿಕೊಳ್ಳುವ ಸಾಮಗ್ರಿ ಇದೆ, ಒಂದು ಕಿಡಿ ಬಿದ್ದರೆ ಸಾಕು ಎಂದು ವಾಷಿಂಗ್ಟನ್ 1786ರ ಡಿಸೆಂಬರ್ 26ರಂದು ಬರೆದ ಕಾಗದದ ಸಾಲೇ ಶೀರ್ಷಿಕೆ. ಸ್ವಾತಂತ್ರ್ಯ ಗಳಿಸಿದ ನಾಡೇ ತನ್ನ ರೈತರ ಮೇಲೆ ಆಯುಧ ಎತ್ತಿದ ಕ್ಷಣ ಅದು. ಆ ಫಲಕವಿಲ್ಲದೆ ಸರಣಿ ಇಷ್ಟು ವರ್ಷ ಕುಂಟುತ್ತಿತ್ತು.

ಅಕ್ಟೋಬರ್ 21ರಂದು ಮ್ಯೂಸಿಯಂ ಈ ಸುದ್ದಿಯನ್ನು ಪ್ರಕಟಿಸಿತು. ಪ್ರದರ್ಶನದ ಉಳಿದ ದಿನಗಳಲ್ಲಿ ಫಲಕ ತನ್ನ ಸ್ಥಾನದಲ್ಲಿ, ಹದಿನೈದು ಮತ್ತು ಹದಿನೇಳರ ನಡುವೆ ತೂಗಿತು. ಪತ್ರಿಕೆಗಳು ಅದನ್ನು ಚಿತ್ರ ಸಮೇತ ವರದಿ ಮಾಡಿದವು, ವರದಿ ಫೋನಿನಿಂದ ಫೋನಿಗೆ ಹಬ್ಬಿತು.

ಇಪ್ಪತ್ತೆಂಟನೆಯ ಫಲಕ

ಅಲ್ಲಿಂದ ಕೆಲವೇ ಬೀದಿಗಳ ಆಚೆ ವಾಸವಿದ್ದ ಒಬ್ಬ ನರ್ಸ್, ನೆರೆಹೊರೆಯವರು ಸುದ್ದಿ ಹಂಚಿಕೊಳ್ಳುವ ‘ನೆಕ್ಸ್ಟ್‌ಡೋರ್’ ಆ್ಯಪ್‌ನಲ್ಲಿ ಈ ಪತ್ತೆಯ ವಿಷಯ ಓದಿದರು. ತಮ್ಮ ಬಡಾವಣೆಯಲ್ಲೇ ಒಂದು ಮನೆಯಲ್ಲಿ ಇಂಥ ಚಿತ್ರ ಸಿಕ್ಕಿತೆಂಬುದು ಅವರ ಕುತೂಹಲವನ್ನು ಕೆಣಕಿತು. ಲೇಖನ ಹುಡುಕಿ ಓದಿದರು, ಚಿತ್ರಗಳನ್ನು ನೋಡಿದರು. ಅವರ ಊಟದ ಕೋಣೆಯ ಗೋಡೆಯ ಮೇಲೂ ಅತ್ತೆಯವರಿಂದ ಬಂದ ಒಂದು ಚಿಕ್ಕ ಚಿತ್ರವಿತ್ತು, ಅದರ ಮೇಲೂ ಸಹಿ ಇತ್ತು. ತೆಗೆದು ತಿರುಗಿಸಿ ನೋಡಿದಾಗ, ಹಿಂಬದಿಯಲ್ಲಿ 1996ರಲ್ಲಿ ಲಾರೆನ್ಸ್ ಅವರ ಕುರಿತು ಬಂದಿದ್ದ ಒಂದು ಪತ್ರಿಕಾ ಲೇಖನವನ್ನು ಕತ್ತರಿಸಿ ಅಂಟಿಸಿತ್ತು.

ಈ ವಿವರ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದೆ. ಎಂದೋ ಒಬ್ಬ ಓದುಗರು ಪತ್ರಿಕೆ ಓದಿ, ಇದು ನಮ್ಮ ಮನೆಯ ಚಿತ್ರ ಬರೆದವರ ವಿಷಯವೆಂದು ತಿಳಿದು, ಕತ್ತರಿ ಹಿಡಿದು, ಲೇಖನವನ್ನು ಚಿತ್ರದ ಬೆನ್ನಿಗೇ ಅಂಟಿಸಿ ಮುಂದಿನವರಿಗಾಗಿ ಬಿಟ್ಟುಹೋಗಿದ್ದರು. ಅವರಿಗೂ ಚಿತ್ರದ ಬಗ್ಗೆ, ಚಿತ್ರಕಾರರ ಬಗ್ಗೆ ಆದರವಿತ್ತು. ಆದರೆ ಆ ತುಣುಕು ಗೋಡೆಗೆ ಮುಖ ಮಾಡಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇತ್ತು. ಚಿತ್ರಕಾರರು ಯಾರೆಂದು ಅದು ಹೇಳುತ್ತಿತ್ತು. ಈ ಚಿತ್ರವನ್ನು ಯಾರೋ ಹುಡುಕುತ್ತಿದ್ದಾರೆಂದು ಹೇಳಲು ಅದಕ್ಕೆ ಸಾಧ್ಯವಿರಲಿಲ್ಲ. ಆ ಎರಡನೆಯ ಮಾತನ್ನು ತಲುಪಿಸಿದ್ದು 2020ರ ಆನ್‌ಲೈನ್ ವರದಿ.

ಅವರು ಮ್ಯೂಸಿಯಂಗೆ ಫೋನ್ ಮಾಡಿದರು, ಸಂದೇಶ ಬಿಟ್ಟರು, ಉತ್ತರ ಬರಲಿಲ್ಲ. ಕೊನೆಗೆ ಮಗನ ಮೋಟಾರ್ ಸೈಕಲ್‌ನ ಹಿಂದೆ ಕುಳಿತು ಸೆಂಟ್ರಲ್ ಪಾರ್ಕಿನ ಆಚೆ ಬದಿಗಿರುವ ಮ್ಯೂಸಿಯಂಗೇ ಹೋಗಿ, ಮಾಹಿತಿ ಕೇಂದ್ರದಲ್ಲಿದ್ದವರನ್ನು ಹಿಡಿದು, ನನ್ನ ಬಳಿ ಈ ಚಿತ್ರವಿದೆ, ಯಾರೊಡನೆ ಮಾತನಾಡಬೇಕು ಎಂದು ಕೇಳಿದರು. ಅದಾದ ಮೇಲೆ ತಜ್ಞರು ಚಿತ್ರವನ್ನು ಪರಿಶೀಲಿಸಿದರು. ಅದು ಇಪ್ಪತ್ತೆಂಟನೆಯ ಫಲಕವಾಗಿತ್ತು.

ಆ ಫಲಕದ ಶೀರ್ಷಿಕೆ ಯಾವ ಮಹಾಪುರುಷರ ನುಡಿಯೂ ಅಲ್ಲ, ಒಂದು ಅಂಕಿಅಂಶ: ‘ಎಲ್ಲ ದೇಶಗಳಿಂದ ಪ್ರವೇಶ ಪಡೆದ ವಲಸಿಗರು: 1820ರಿಂದ 1840 — 1,15,773’. ಚಿತ್ರದಲ್ಲಿ ಮಾತ್ರ ಅಂಕಿಯ ಸುಳಿವಿಲ್ಲ. ತಲೆಗೆ ಬಟ್ಟೆ ಹೊದ್ದು ಕೂಸುಗಳನ್ನು ಅಪ್ಪಿಕೊಂಡ ಇಬ್ಬರು ಹೆಂಗಸರು, ಅಗಲ ಅಂಚಿನ ಟೋಪಿ ತೊಟ್ಟು ತಲೆ ಬಾಗಿಸಿದ ಒಬ್ಬ ಗಂಡಸು. ಕೈಗಳು ದೇಹಕ್ಕೆ ಮೀರಿದಷ್ಟು ದೊಡ್ಡವು, ಎಲ್ಲವೂ ಚಿತ್ರದ ನಡುವಿಗೆ ಬಂದು ಸೇರುತ್ತವೆ. ಗಂಡಸಿನ ಕೈಯಲ್ಲಿ ಒಂದು ಕುಂಡ, ಕುಂಡದಲ್ಲಿ ಒಂದೇ ಒಂದು ಕೆಂಪು ಗುಲಾಬಿ. ಲಕ್ಷಕ್ಕೂ ಮೀರಿದ ಸಂಖ್ಯೆಯನ್ನು ಲಾರೆನ್ಸ್ ಅವರು ಮೂವರು ದೊಡ್ಡವರು ಮತ್ತು ಅವರ ತೋಳಿನಲ್ಲಿರುವ ಕೂಸುಗಳಿಗೆ ಇಳಿಸಿ, ಹೊಸ ನಾಡಿಗೆ ಬರುವವರು ಜೋಪಾನವಾಗಿ ಹಿಡಿದು ತರುವುದು ಏನನ್ನು ಎಂದು ತೋರಿಸಿದ್ದಾರೆ. ಆ ಚಿತ್ರವಿದ್ದ ಮನೆಯ ನರ್ಸ್ ಕೂಡ ಹದಿನೆಂಟನೆಯ ವಯಸ್ಸಿನಲ್ಲಿ ಉಕ್ರೇನ್‌ನಿಂದ ಅಮೆರಿಕಕ್ಕೆ ಬಂದವರು. ವಲಸೆ ಬಂದ ಮನೆತನದ ಕಪ್ಪು ಚಿತ್ರಕಾರರೊಬ್ಬರು ಯೂರೋಪಿನ ವಲಸಿಗರನ್ನು ಇಷ್ಟು ಅಕ್ಕರೆಯಿಂದ ಬರೆದದ್ದನ್ನು, ಅರವತ್ತೈದು ವರ್ಷಗಳ ನಂತರ ಗುರುತಿಸಿ ಹೊರತಂದವರೂ ಒಬ್ಬ ವಲಸಿಗರೇ.

ಬಣ್ಣ ಅಲ್ಲಲ್ಲಿ ಚಕ್ಕೆಯೇಳುತ್ತಿದ್ದುದರಿಂದ ಫಲಕಕ್ಕೆ ಸಂರಕ್ಷಣೆಯ ಆರೈಕೆ ನಡೆಯಿತು. 2021ರ ಮಾರ್ಚ್ 5ರಂದು ಪ್ರದರ್ಶನ ಸಿಯಾಟಲ್ ಆರ್ಟ್ ಮ್ಯೂಸಿಯಂನಲ್ಲಿ ತೆರೆದಾಗ ಅದು ಸರಣಿಯನ್ನು ಸೇರಿತು. ಲಾರೆನ್ಸ್ ಅವರು 1971ರಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 2000ರಲ್ಲಿ ಕೊನೆಯುಸಿರೆಳೆದದ್ದು ಅದೇ ಸಿಯಾಟಲ್‌ನಲ್ಲಿ. ಎರಡೂ ಮನೆಯವರು ತಮ್ಮ ಹೆಸರು ಹೊರಗೆ ಬಾರದಂತೆ ಕೋರಿಕೊಂಡರು, ಆ ಕೋರಿಕೆಯನ್ನು ಮ್ಯೂಸಿಯಂಗಳೂ ಪತ್ರಿಕೆಗಳೂ ನಡೆಸಿಕೊಟ್ಟವು. 2018ರಲ್ಲಿ ಲಾರೆನ್ಸ್ ಅವರ ಒಂದು ಚಿತ್ರ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಗಿತ್ತು ಎಂಬುದನ್ನು ನೆನೆದರೆ, ಈ ಗೋಪ್ಯತೆ ಎಷ್ಟು ಅಗತ್ಯವಾಗಿತ್ತೆಂದು ತಿಳಿಯುತ್ತದೆ. ಹೆಸರು ಹೊರಬೀಳುವ ಭಯವಿದ್ದರೆ ಯಾರೂ ಮುಂದೆ ಬರುವುದಿಲ್ಲ.

ವರದಿಯಲ್ಲಿ ಏನಿತ್ತು

ಆನ್‌ಲೈನ್‌ನಲ್ಲಿ ಕಲೆಯ ಬಗ್ಗೆ ಬರುವ ಬರಹ ಕಡಿಮೆಯೇನಿಲ್ಲ. ಹಾಗಿರುವಾಗ ಈ ವರದಿಯೇ ಏಕೆ ಹೀಗೆ ಫಲ ಕೊಟ್ಟಿತು? ನನಗೆ ಕಾಣುವ ಮುಖ್ಯ ಕಾರಣ, ಅದು ಓದುಗರ ಕೈಗೆ ಬಳಸಬಹುದಾದ ಗುರುತುಗಳನ್ನು ಕೊಟ್ಟಿತು. ಫಲಕದ ಅಳತೆ ಇಷ್ಟು, ಬರೆದದ್ದು ಹಲಗೆಯ ಮೇಲೆ, ಕಾಲ 1954ರಿಂದ 1956, ವಸ್ತು ಇಂಥದ್ದು, ಸಿಗದಿರುವುದು ಈ ಸಂಖ್ಯೆಯವು, ಮೊದಲನೆಯದು ಸಿಕ್ಕಿದ್ದು ಈ ಬಡಾವಣೆಯಲ್ಲಿ. ‘ಮಹಾನ್ ಕಲಾವಿದ’, ‘ಅಪ್ರತಿಮ ಪ್ರತಿಭೆ’ ಎಂಬ ವಿಶೇಷಣಗಳನ್ನು ಎಷ್ಟು ಪೇರಿಸಿದ್ದರೂ ಆ ನರ್ಸ್ ತಮ್ಮ ಗೋಡೆಯತ್ತ ತಿರುಗುತ್ತಿರಲಿಲ್ಲ. ಹೊಗಳಿಕೆ ಓದುಗರನ್ನು ದೂರದಲ್ಲಿ ನಿಲ್ಲಿಸಿ ಕೈಮುಗಿಯಲು ಹೇಳುತ್ತದೆ. ವಿವರ ಹತ್ತಿರ ಕರೆದು ನೋಡಲು ಹೇಳುತ್ತದೆ. ಕಪ್ಪು ಕಲಾವಿದರ ಬಗ್ಗೆ ಬರೆಯುವಾಗ ಈ ವ್ಯತ್ಯಾಸ ಇನ್ನೂ ಹೆಚ್ಚು ಮುಖ್ಯ, ಏಕೆಂದರೆ ಅವರ ಕೆಲಸವನ್ನು ದಾಖಲಿಸುವುದು ತಡವಾಗಿ ನಡೆದಿದೆ. ಲಾರೆನ್ಸ್ ಅವರಂಥ ಪ್ರಸಿದ್ಧರ ಸಮಗ್ರ ಚಿತ್ರಸೂಚಿ ಅಚ್ಚಾದದ್ದೇ 2000ರಲ್ಲಿ, ಅವರು ತೀರಿಕೊಂಡ ವರ್ಷ.

ಲಾರೆನ್ಸ್ ಅವರ ಚಿತ್ರಗಳು ಪರದೆಗೆ ಚೆನ್ನಾಗಿ ಒಗ್ಗುತ್ತವೆ ಎಂಬುದನ್ನೂ ಸೇರಿಸಬೇಕು. ಅಂಚು ಸ್ಪಷ್ಟವಾದ ಆಕಾರಗಳು, ಎಣಿಸಿದಷ್ಟೇ ಬಣ್ಣಗಳು, ಓರೆಯಾಗಿ ಹರಿಯುವ ಗೆರೆಗಳು. ಅಂಗೈ ಅಗಲದ ಫೋನಿನಲ್ಲೂ ಅವರ ಶೈಲಿ ಗುರುತು ಸಿಗುತ್ತದೆ. ಒಂದು ಫಲಕದ ರೀತಿ ಕಣ್ಣಿಗೆ ಕೂತರೆ ಇನ್ನೊಂದನ್ನು ಗುರುತಿಸುವುದು ಕಷ್ಟವಲ್ಲ. ಪಕ್ಕದಲ್ಲೇ ಶೀರ್ಷಿಕೆಯ ಪೂರ್ಣಪಾಠ ಇದ್ದರಂತೂ ಚಿತ್ರ ಅರ್ಧ ಮಾತಾಡಿದಂತೆಯೇ. ಆದರೆ ಟೆಂಪೆರಾ ಬಣ್ಣದ ಒಣ ಮೇಲ್ಮೈ, ಒಂದರ ಮೇಲೊಂದು ಎಳೆದ ಸಣ್ಣ ಸಣ್ಣ ಕುಂಚದ ಗೆರೆಗಳು, ಮೊನಚಾದ ಆಯುಧಗಳ ನಡುವೆ ಇಣುಕುವ ಹಲಗೆಯ ತೆಳು ಬಿಳುಪು ಪರದೆಯಲ್ಲಿ ಉಳಿಯುವುದಿಲ್ಲ. ಆನ್‌ಲೈನ್ ಬರಹ ಚಿತ್ರದ ಬದಲಿಗೆ ನಿಲ್ಲಲಾರದು. ಚಿತ್ರದ ಬಳಿಗೆ ಕರೆದೊಯ್ಯಬಲ್ಲದು. ಆ ನರ್ಸ್ ವಿಷಯದಲ್ಲಿ ಅದು ನಡುಮನೆಯಿಂದ ಊಟದ ಕೋಣೆಗಿರುವಷ್ಟು ದೂರ ಕರೆದೊಯ್ಯಿತು, ಅಷ್ಟು ಸಾಕಾಯಿತು.

ಮ್ಯೂಸಿಯಂ ಕಡೆಯಿಂದ ನೋಡಿದರೆ ಪ್ರಕರಣದಲ್ಲಿ ಒಂದು ದೋಷ ಎದ್ದು ಕಾಣುತ್ತದೆ. ಮಾಹಿತಿ ಕೊಡಿ ಎಂದು ಲೋಕಕ್ಕೆಲ್ಲ ಕೇಳಿಕೊಂಡ ಮೇಲೆ, ಮಾಹಿತಿ ಹಿಡಿದು ಬಂದವರ ಕರೆಗೆ ಉತ್ತರ ಸಿಗದಿದ್ದುದು ಸಣ್ಣ ಸಂಗತಿಯಲ್ಲ. ಸಿಬ್ಬಂದಿಯ ಕೊರತೆಯಿದ್ದ ಕೊರೊನಾ ಕಾಲವದು ಎಂಬ ಸಮಾಧಾನ ಹೇಳಬಹುದು. ಆದರೂ ಆ ತಾಯಿ ಮತ್ತು ಮಗನಿಗೆ ಹಟವಿಲ್ಲದಿದ್ದರೆ ಫಲಕ ಮತ್ತೆ ಗೋಡೆಗೇ ಹೋಗಿರುತ್ತಿತ್ತು. ಓದುಗರ ಆದರವನ್ನು ಬಯಸುವ ಸಂಸ್ಥೆ, ಆ ಆದರ ಬಾಗಿಲು ತಟ್ಟಿದಾಗ ತೆರೆಯಲು ಯಾರನ್ನಾದರೂ ನೇಮಿಸಿರಬೇಕು. ದೊಡ್ಡ ಹೆಸರಿಲ್ಲದ, ಕಲಾವಲಯದ ಪರಿಚಯವಿಲ್ಲದ ಜನರೇ ಇಂಥ ಮಾಹಿತಿ ತರುವವರು. ಅವರ ಮಾತಿಗೆ ಮೊದಲ ಕರೆಯಲ್ಲೇ ಕಿವಿಗೊಡುವ ಏರ್ಪಾಟು ಇರಬೇಕೆಂದು ಈ ಪ್ರಕರಣವನ್ನು ಓದಿದ ಯಾರಿಗಾದರೂ ಅನಿಸೀತು.

ಕಲೆಯ ಬಗ್ಗೆ ಕನ್ನಡದಲ್ಲಿ ಆನ್‌ಲೈನ್ ಬರೆಯುವ ನಮಗೂ ಇಲ್ಲಿ ಎತ್ತಿಕೊಳ್ಳಬಹುದಾದ ಅಭ್ಯಾಸವೊಂದಿದೆ. ಚಿತ್ರವನ್ನು ಹಾಕುವಾಗ ವರ್ಷ, ಅಳತೆ, ಮಾಧ್ಯಮ, ಈಗ ಎಲ್ಲಿದೆ ಎಂಬ ನಾಲ್ಕು ಸಂಗತಿಗಳನ್ನು ಬಿಡದೆ ಕೊಡುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಯುವುದು. ಯಾವ ಓದುಗರ ಮನೆಯಲ್ಲಿ ಏನಿದೆಯೋ ಬರೆಯುವವರಿಗೆ ತಿಳಿದಿರುವುದಿಲ್ಲ.

ಉಳಿದ ಮೂರು

ಸಿಯಾಟಲ್ ನಂತರ ಪ್ರದರ್ಶನ ವಾಷಿಂಗ್ಟನ್‌ನ ಫಿಲಿಪ್ಸ್ ಕಲೆಕ್ಷನ್‌ಗೆ ಹೋಗಿ 2021ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಎರವಲು ತಂದ ಫಲಕಗಳು ಅವರವರ ಮಾಲೀಕರ ಬಳಿಗೆ ಹಿಂದಿರುಗಿದವು, ಆದ್ದರಿಂದ ಸರಣಿ ಮತ್ತೆ ಬೇರೆ ಬೇರೆ ಸ್ಥಳಗಳಲ್ಲಿದೆ. ಆದರೆ ಯಾವುದು ಯಾರಲ್ಲಿದೆ ಎಂಬ ದಾಖಲೆ ಈಗ ಹಿಂದೆಂದಿಗಿಂತ ಖಚಿತವಾಗಿದೆ, ಫಲಕಗಳನ್ನು ಅನುಕ್ರಮವಾಗಿ ನೋಡಿದ ಜನರ ಸಂಖ್ಯೆಯೂ ದೊಡ್ಡದಾಗಿದೆ. ಪ್ರದರ್ಶನ ಮುಗಿದಾಗ 14, 20 ಮತ್ತು 29ನೆಯ ಫಲಕಗಳು ಸಿಕ್ಕಿರಲಿಲ್ಲ. ಅವುಗಳ ಅಳತೆಯೂ ಹನ್ನೆರಡು ಇಂಚಿಗೆ ಹದಿನಾರು ಇಂಚು. ಅವೂ ಹಾರ್ಡ್‌ಬೋರ್ಡ್ ಮೇಲೆ ಟೆಂಪೆರಾದಲ್ಲಿ, 1954 ಮತ್ತು 1956ರ ನಡುವೆ ಬರೆದವು. ಮೊದಲೆರಡು ಒಂದೇ ಬಡಾವಣೆಯಲ್ಲಿ, ಒಂದಕ್ಕೊಂದು ಕೂಗಳತೆಯಲ್ಲಿ ಸಿಕ್ಕಿರುವುದರಿಂದ, ಉಳಿದವೂ ನಾಶವಾಗದೆ ಯಾವುದೋ ಮನೆಯಲ್ಲಿ ಇರುವ ಸಂಭವ ಹೆಚ್ಚೆಂದೇ ನನ್ನ ಎಣಿಕೆ.